ಮರ ಹತ್ತುವವನು ಪುಕ್ಕಲನೇ?

ಪ್ರಶ್ನೆ: ನಮ್ಮ ಮನೆಯವರು ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗಾರರು. ಎರಡು ವರ್ಷದ ಹಿಂದೆ ಅವರ ಕಣ್ಣೆದುರೇ ಜೊತೆಗಾರ ಅಡಿಕೆ ಮರದಿಂದ ಬಿದ್ದು ತೀರಿಕೊಂಡರು. ಅಂದಿನಿಂದ ಇವರು ಮರ ಹತ್ತಿಲ್ಲ, ರಾತ್ರಿ ಬೆಚ್ಚಿ ಏಳುತ್ತಾರೆ. ಈಗೀಗ ಮಾತಿಲ್ಲ, ಊಟವೂ ಬೇಡ. ಮನಸ್ಸು ಗಟ್ಟಿಯಿಲ್ಲದವರಿಗೆ ಮಾತ್ರ ಹೀಗಾಗುವುದೇ?
– ತೀರ್ಥಹಳ್ಳಿ ಕಡೆಯ ಓದುಗರು

ಉತ್ತರ: ಕೊಯ್ಲು ಶುರುವಾದರೆ ಇಂಥ ಪತ್ರ ಬಂದೇ ಬರುತ್ತದೆ, ಕೊನೆಯ ಸಾಲೂ ಇದೇ ಇರುತ್ತದೆ. ಬೆಚ್ಚಿ ಏಳುವುದು, ತೋಟದತ್ತ ಸುಳಿಯದಿರುವುದು ಆಘಾತದ ನಂತರ ಬರುವ ಪಿಟಿಎಸ್‌ಡಿ ಕಾಯಿಲೆಯಲ್ಲಿ ಕಾಣುವಂಥವು. ಮಾತು, ಹಸಿವು ಬತ್ತುವುದು ಖಿನ್ನತೆಯಲ್ಲಿ. ಪಿಟಿಎಸ್‌ಡಿ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಖಿನ್ನತೆಯೂ ಇರುತ್ತದೆ. ಇವರದ್ದು ಯಾವುದೆಂದು ನೋಡಿ ಹೇಳಬೇಕಾದವರು ವೈದ್ಯರು.

ಇನ್ನು ಆ ‘ಗಟ್ಟಿ’ಯ ವಿಚಾರ. ಕಾಲಿಗೆ ತಳೆ ಹಾಕಿಕೊಂಡು, ಗಾಳಿಗೆ ತೂಗುವ ಮರದ ತುದಿಯಿಂದ ಪಕ್ಕದ ಮರಕ್ಕೆ ಕೈ ಚಾಚಿ ಜಿಗಿಯುತ್ತಿದ್ದ ಮನುಷ್ಯನನ್ನು ಪುಕ್ಕಲ ಎನ್ನುವವರು ಒಮ್ಮೆ ಅರ್ಧ ಮರ ಹತ್ತಿ ತೋರಿಸಲಿ. ಪಿಟಿಎಸ್‌ಡಿ 1980ರಲ್ಲಿ ಅಮೆರಿಕದ ಮನೋವೈದ್ಯರ ರೋಗಪಟ್ಟಿಗೆ ಸೇರಿದ್ದರಲ್ಲಿ ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಪಾಡಿಗೆ ದೊಡ್ಡ ಪಾಲಿದೆ. ಅವರೂ ಪುಕ್ಕಲರೇ? ‘ಗಂಡಸಲ್ಲವೇ, ಗಟ್ಟಿಯಾಗು’ ಎಂದು ಜಗಲಿಯಲ್ಲಿ ಕುಳಿತು ಹೇಳಿದವರಿಂದ ಆಗುವುದು ಒಂದೇ: ಆತ ಹೇಳಿಕೊಳ್ಳುವುದನ್ನೂ ನಿಲ್ಲಿಸುತ್ತಾನೆ.

ಅಪಾಯ ಹೆಚ್ಚಿಸುವ ಸಂಗತಿಗಳು ಬೇರೆಯೇ ಇವೆ. ಹಿಂದೊಮ್ಮೆ ಖಿನ್ನತೆ ಬಂದಿರುವುದು, ಮನೆತನದಲ್ಲಿ ಅದು ಇರುವುದು, ಬಾಲ್ಯದಲ್ಲಿ ತಿಂದ ಪೆಟ್ಟು, ಮೈಗಾದ ಗಾಯದ ಮಾಯದ ನೋವು. ಹೆಂಗಸರಲ್ಲಿ ಎರಡೂ ಕಾಯಿಲೆ ಹೆಚ್ಚು. ಆದರೆ ಘಟನೆಯ ನಂತರ ನಡೆಯುವುದಕ್ಕೆ ತೂಕ ಜಾಸ್ತಿ: ಕೂಲಿ ನಿಂತು ಸಂಘದ ಕಂತು ಬಾಕಿಯಾಗುವುದು, ಸಂಜೆಯ ಕುಡಿತ, ಮಾತಿಗೆ ಜನವಿಲ್ಲದಿರುವುದು. ‘ಆ ಮರಕ್ಕೆ ನಾನೇ ಹತ್ತಬೇಕಿತ್ತು’ ಎಂಬ ತಪ್ಪಿತಸ್ಥ ಭಾವ ಎಲ್ಲಕ್ಕಿಂತ ಒಳಗೆ ಕೊರೆಯುತ್ತದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಾವಿನ ಮನೆಗೆ ಬಂದ ನೆಂಟರು ಕಾಫಿ ಲೋಟ ಹಿಡಿದು ‘ಹೇಗೆ ಬಿದ್ದ, ತಲೆ ಎಲ್ಲಿಗೆ ಬಡಿಯಿತು’ ಎಂದು ಕಂಡವನಿಂದ ಮೊದಲಿನಿಂದ ಹೇಳಿಸುತ್ತಾರಲ್ಲ, ಅದರಿಂದ ಮನಸ್ಸು ಹಗುರವಾಗುತ್ತದೆ ಎಂಬುದು ಸುಳ್ಳು. ಆಘಾತದ ಬೆನ್ನಿಗೇ ಹಾಗೆ ಒತ್ತಿ ಹೇಳಿಸಿದರೆ ಕೆಲವರಿಗೆ ಹೆಚ್ಚುವುದೇ ಉಂಟು. ತರಬೇತಿ ಪಡೆದವರು ಹಂತಹಂತವಾಗಿ ಮಾತನಾಡಿಸುವ ಚಿಕಿತ್ಸೆ ಬೇರೆ. ಎರಡೂ ಕಾಯಿಲೆಗೆ ಒದಗುವ ಮಾತ್ರೆಗಳೂ ಇವೆ.

ಶಿವಮೊಗ್ಗದ ಬಸ್ ಹತ್ತಿಸುವುದು ಕಷ್ಟವಾದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ. ಸಾಯುವ ಮಾತು ಅವರ ಬಾಯಲ್ಲಿ ಬಂದರೆ ಮಾತ್ರ ಒಬ್ಬರನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಹೊರಡಿ.