ಫ್ಲೂ ನಮ್ಮೂರಿಗೆ ಬರೋದು ಮಳೆ ಜೊತೆ

ಜೂನ್ ಕೊನೆಯ ವಾರ. ಹೊರಗೆ ಜೋರು ಮಳೆ. ಓಪಿಡಿಯಲ್ಲಿ ಅಜ್ಜಿಯೊಬ್ಬರು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ಕೂತಿದ್ದರು. ನಾನು ಸ್ವ್ಯಾಬ್ ಕಡ್ಡಿ ತೆಗೆದಿದ್ದೇ ತಡ, "ಕೊರೋನಾ ಹೋಯ್ತಲ್ಲಪ್ಪಾ, ಮತ್ತೆ ಯಾಕೆ ಈ ಕಡ್ಡಿ?" ಅಂದರು. "ಇದು ಫ್ಲೂ ನೋಡೋಕೆ ಅಜ್ಜಿ." "ನೋಡಿ ಏನ್ ಮಾಡ್ತೀಯ, ಮಾತ್ರೆ ಕೊಡು ಸಾಕು."

ಅಜ್ಜಿ ಹೇಳಿದ್ದರಲ್ಲಿ ತಪ್ಪಿಲ್ಲ. ರಿಪೋರ್ಟ್ ಬರುವಷ್ಟರಲ್ಲಿ ಅವರ ಜ್ವರ ಬಹುಶಃ ಇಳಿದಿರುತ್ತದೆ. ಆ ಕಡ್ಡಿಯಿಂದ ಲಾಭ ಊರಿಗೆ. ಈ ವಾರ ಯಾವ ವೈರಸ್ ಓಡಾಡುತ್ತಿದೆ, ಹೋದ ವಾರಕ್ಕಿಂತ ಜಾಸ್ತಿಯಾಯಿತಾ, ಕಮ್ಮಿಯಾಯಿತಾ ಅಂತ ಲೆಕ್ಕ ಇಡುವುದು ನಮ್ಮ ಕೆಲಸ.

ಲೆಕ್ಕಕ್ಕೆ ಒಂದು ನಿಯಮ ಇದೆ. 38 ಡಿಗ್ರಿ, ಅಂದರೆ ಫ್ಯಾರನ್‌ಹೀಟ್‌ನಲ್ಲಿ 100.4, ಅಥವಾ ಅದಕ್ಕಿಂತ ಹೆಚ್ಚು ಜ್ವರ ಇರಬೇಕು, ಜೊತೆಗೆ ಕೆಮ್ಮು ಇರಬೇಕು, ಶುರುವಾಗಿ 10 ದಿನ ದಾಟಿರಬಾರದು. ಇದನ್ನು ಐಎಲ್‌ಐ, ಅಂದರೆ ಫ್ಲೂ ಥರದ ಕಾಯಿಲೆ, ಅನ್ನುತ್ತೇವೆ. ಅಡ್ಮಿಟ್ ಆಗುವಷ್ಟು ಜೋರಾದರೆ ಸಾರಿ. (ಕ್ಷಮೆ ಕೇಳುವ ಸಾರಿ ಅಲ್ಲ, ತೀವ್ರ ಉಸಿರಾಟದ ಸೋಂಕಿನ ಇಂಗ್ಲಿಷ್ ಚುಟುಕು ಹೆಸರು, ಎಸ್‌ಎಆರ್‌ಐ.) ತೆಗೆದ ಕಡ್ಡಿಯನ್ನು ಗುಲಾಬಿ ಬಣ್ಣದ ದ್ರವ ಇರುವ ಟ್ಯೂಬಿಗೆ ಮುರಿದು ಹಾಕಿ, ಐಸ್ ಬಾಕ್ಸಿನಲ್ಲಿಟ್ಟು ಲ್ಯಾಬಿಗೆ ಕಳಿಸುತ್ತೇವೆ.

ನಿಯಮ ಸುಲಭ, ಪಾಲಿಸುವುದು ಕಷ್ಟ. ಒಂದು ವರ್ಷ ನಮ್ಮಲ್ಲೇ ಎಡವಟ್ಟಾಯಿತು. ಇದ್ದಕ್ಕಿದ್ದಂತೆ ಪಾಸಿಟಿವ್ ಪ್ರಮಾಣ ಏರಿತು. ನಾನು ಗಾಬರಿಯಾಗಿ ರಿಜಿಸ್ಟರ್ ತೆಗೆದು ನೋಡಿದರೆ, ಹೊಸದಾಗಿ ಬಂದ ಹುಡುಗ ಸಾಧಾರಣ ಕೆಮ್ಮಿನವರನ್ನೆಲ್ಲ ಬಿಟ್ಟು, ನೋಡಿದ ಕೂಡಲೇ ಫ್ಲೂ ಅನ್ನಿಸುವವರದ್ದು ಮಾತ್ರ ಸ್ವ್ಯಾಬ್ ತೆಗೆದಿದ್ದ. "ನೆಗೆಟಿವ್ ಬಂದ್ರೆ ಕಿಟ್ ವೇಸ್ಟ್ ಅಲ್ವಾ ಸಾರ್?" ಅಂದ. ಬೈಯಬೇಕು ಅನ್ನಿಸಲಿಲ್ಲ, ಹೇಳಿಕೊಡದೇ ಇದ್ದದ್ದು ನನ್ನ ತಪ್ಪು. ನೆಗೆಟಿವ್‌ಗಳಿಲ್ಲದೆ ಪಾಸಿಟಿವ್‌ಗೆ ಅರ್ಥವೇ ಇಲ್ಲ. ನೂರರಲ್ಲಿ ಹತ್ತೋ, ಹತ್ತರಲ್ಲಿ ಹತ್ತೋ ಗೊತ್ತಾಗಬೇಕಲ್ಲ!

2023ರ ಮಾರ್ಚಿನಲ್ಲಿ ಎಚ್3ಎನ್2 ಅನ್ನುವ ಫ್ಲೂ ವೈರಸ್ಸಿನ ಸುದ್ದಿ ಟಿವಿ ತುಂಬಾ ಓಡಿತು, ಹಾಸನ ಜಿಲ್ಲೆಯಲ್ಲಿ ಒಂದು ಸಾವೂ ವರದಿಯಾಯಿತು. "ಇಷ್ಟು ಕೇಸ್, ಅಷ್ಟು ಕೇಸ್" ಅನ್ನುವವರು ಎಷ್ಟು ಜನರನ್ನು ಟೆಸ್ಟ್ ಮಾಡಿದರು ಅಂತ ಹೇಳುವುದೇ ಅಪರೂಪ. ಹೆದರಿಕೆ ಹೆಚ್ಚಾದಾಗ ಟೆಸ್ಟ್ ಹೆಚ್ಚಾಗುತ್ತದೆ, ಟೆಸ್ಟ್ ಹೆಚ್ಚಾದರೆ ಕೇಸೂ ಹೆಚ್ಚಾಗುತ್ತದೆ.

ಹೀಗೆ ವಾರ ವಾರ ಎಣಿಸಿದ್ದರಿಂದಲೇ ಒಂದು ವಿಷಯ ಸ್ಪಷ್ಟವಾಯಿತು. ಫ್ಲೂ ಅಂದರೆ ಡಿಸೆಂಬರ್ ಚಳಿಯ ಕಾಯಿಲೆ ಅನ್ನುವುದು ಯುರೋಪು, ಅಮೆರಿಕದ ಮಾತು. ನಮ್ಮ ದೇಶದಲ್ಲಿ ಕಾಶ್ಮೀರದ ಶ್ರೀನಗರದಂಥ ಕಡೆ ಮಾತ್ರ ಹಾಗೆ, ಜನವರಿಯಿಂದ ಮಾರ್ಚ್. ಪುಣೆ, ದೆಹಲಿ, ಕೋಲ್ಕತ್ತದಲ್ಲಿ ಜುಲೈಯಿಂದ ಸೆಪ್ಟೆಂಬರ್. ಚೆನ್ನೈನಲ್ಲಿ ಅಕ್ಟೋಬರ್, ನವೆಂಬರ್, ಯಾಕೆಂದರೆ ಅವರ ಮಳೆಗಾಲ ಆಗ. ನಮ್ಮ ಕಡೆಯೂ ಮಳೆಯ ಜೊತೆಗೇ ಏರುತ್ತದೆ, ಚಳಿಗಾಲದ ಕೊನೆಯಲ್ಲಿ ಇನ್ನೊಂದು ಸಲ ತಲೆ ಎತ್ತುತ್ತದೆ. ಜೂನ್‌ನಲ್ಲಿ ಶಾಲೆ ಶುರುವಾಗಿ, ಮಳೆಗೆ ಕಿಟಕಿ ಮುಚ್ಚಿ, ಒಂದೇ ಕೋಣೆಯಲ್ಲಿ ಐವತ್ತು ಮಕ್ಕಳು ಕೂತರೆ ವೈರಸ್‌ಗೆ ಬೇರೆ ಏನು ಬೇಕು?

ಹಾಗಾಗಿ ಲಸಿಕೆಯ ಸಮಯ ಏಪ್ರಿಲ್, ಮೇ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಲಸಿಕೆಯಲ್ಲಿ ಯಾವ ತಳಿ ಇರಬೇಕು ಅಂತ ಹೇಳುತ್ತದೆ. ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣ ಗೋಳಾರ್ಧಕ್ಕೆ. ಭೂಪಟದಲ್ಲಿ ನಾವು ಉತ್ತರದವರು, ಆದರೆ ನಮ್ಮ ಮಳೆಗಾಲಕ್ಕೆ ಮುಂಚೆ ಕೈಗೆ ಸಿಗುವ ಹೊಸ ಲಸಿಕೆ ದಕ್ಷಿಣದ್ದು. ಅದೇ ಆಗಬಹುದು. ಈ ಪಟ್ಟಿಯಿಂದ ಬಿ ಯಮಗಾಟ ಅನ್ನುವ ತಳಿಯನ್ನು ಈಗ ಕೈಬಿಡಲು ಹೇಳಿದ್ದಾರೆ, ಯಾಕೆಂದರೆ 2020ರ ಮಾರ್ಚ್ ನಂತರ ಅದು ಖಚಿತವಾಗಿ ಎಲ್ಲೂ ಸಿಕ್ಕಿಲ್ಲ. ಅದು ಗೊತ್ತಾದದ್ದೂ ಲಕ್ಷಾಂತರ ನೆಗೆಟಿವ್‌ಗಳಿಂದಲೇ, ಆ ಹುಡುಗ ವೇಸ್ಟ್ ಅಂದಿದ್ದವುಗಳಿಂದ.

ವಯಸ್ಸಾದವರು, ಗರ್ಭಿಣಿಯರು, ಶುಗರ್, ಆಸ್ತಮಾ ಇರುವವರು ತಮ್ಮ ಡಾಕ್ಟರನ್ನು ಕೇಳಿ ಹಾಕಿಸಿಕೊಳ್ಳಿ. ಫಲ ಕೊಡಲು ಸುಮಾರು ಎರಡು ವಾರ ಬೇಕು, ಮಳೆ ಶುರುವಾಗಲಿ ಅಂತ ಕಾಯಬೇಡಿ. ಮೇ ತಪ್ಪಿಹೋದರೆ ಜುಲೈನಲ್ಲಾದರೂ ಹಾಕಿಸಿ, ಸುಮ್ನೆ ಮುಂದಿನ ವರ್ಷಕ್ಕೆ ತಳ್ಳಬೇಡಿ.

ಅಜ್ಜಿಯ ರಿಪೋರ್ಟ್ ನಾಲ್ಕನೇ ದಿನ ಬಂತು. ನೆಗೆಟಿವ್. ಫೋನ್ ಮಾಡಿದರೆ ಅವರು ಆಗಲೇ ಅಡಿಕೆ ತೋಟಕ್ಕೆ ಹೋಗಿದ್ದರು.