ಮೂರನೇ ನಂಬರಿನ ಕೋಣೆ: ಬಾಯ್ಸ್ ಮೇಷ್ಟ್ರ ವಜಾ ಪ್ರಕರಣದ ಹಿಂದುಮುಂದು

ಮೇಷ್ಟ್ರನ್ನು ಕೆಲಸದಿಂದ ತೆಗೆದರು. ತೆಗೆದದ್ದು ತಪ್ಪು ಎಂದು ಕೋರ್ಟು ಹೇಳಿತು. ಆದರೂ ಕೆಲಸ ವಾಪಸು ಬರಲಿಲ್ಲ. ಬಂದದ್ದು ಒಂದು ಕೋಣೆ, ಜೊತೆಗೆ ಹೆಸರಿನ ಮುಂದೆ ಪ್ರೊಫೆಸರ್ ಎಂದು ಬರೆದುಕೊಳ್ಳುವ ಹಕ್ಕು. ಜರ್ಮನಿಯ ಶಿಲ್ಪಿ ಯೋಸೆಫ್ ಬಾಯ್ಸ್ ಅವರ ವಜಾ ಪ್ರಕರಣದ ಹೂರಣ ಇಷ್ಟೇ. ಆದರೆ 1972ರಿಂದ 1980ರವರೆಗೆ ಎಳೆದಾಡಿದ ಈ ವ್ಯಾಜ್ಯದ ಬಗ್ಗೆ ಒಬ್ಬೊಬ್ಬರದು ಒಂದೊಂದು ಕಥೆ. ಕಲಾಪ್ರಿಯರ ಬಾಯಲ್ಲಿ ಅದು ಸರ್ಕಾರಕ್ಕೆ ಸೆಡ್ಡು ಹೊಡೆದ ಕಲಾವಿದನ ಸಾಹಸ. ಆಡಳಿತ ಬಲ್ಲವರ ಬಾಯಲ್ಲಿ ಸರ್ಕಾರದ ಸಂಬಳ ಪಡೆಯುತ್ತಲೇ ಸರ್ಕಾರದ ನಿಯಮ ಮುರಿದ ನೌಕರನ ಪ್ರಸಂಗ. ಎರಡೂ ಕಥೆಗಳಿಂದ ಉದುರಿಹೋಗುವವರು 142 ಮಂದಿ ಹುಡುಗ ಹುಡುಗಿಯರು. ಜಗಳ ಹುಟ್ಟಿದ್ದು ಅವರ ಸೀಟಿನ ವಿಷಯಕ್ಕೆ.

ಬಾಯ್ಸ್ ಹುಟ್ಟಿದ್ದು 1921ರಲ್ಲಿ, ಕ್ರೆಫೆಲ್ಡ್‌ನಲ್ಲಿ. ಬೆಳೆದದ್ದು ಡಚ್ ಗಡಿಗೆ ಹತ್ತಿರದ ಕ್ಲೇವ ಊರಿನಲ್ಲಿ. ಯುದ್ಧದಲ್ಲಿ ವಾಯುಪಡೆ, 1944ರ ಮಾರ್ಚ್‌ನಲ್ಲಿ ಕ್ರಿಮಿಯಾದಲ್ಲಿ ವಿಮಾನ ಪತನ, ಯುದ್ಧ ಮುಗಿದ ಮೇಲೆ ಡ್ಯುಸೆಲ್‌ಡಾರ್ಫ್ ಕಲಾ ಅಕಾಡೆಮಿಯಲ್ಲಿ ಎವಾಲ್ಡ್ ಮಾಟಾರೆ ಅವರ ಕೈಕೆಳಗೆ ಶಿಲ್ಪಕಲೆ, ಆಮೇಲೆ ಹತ್ತು ವರ್ಷ ಕಷ್ಟದ ಬದುಕು. ವಿಮಾನ ಬಿದ್ದಾಗ ತಾತಾರರು ತನ್ನನ್ನು ಕೊಬ್ಬು ಸವರಿ, ಉಣ್ಣೆಯ ಫೆಲ್ಟ್‌ನಲ್ಲಿ ಸುತ್ತಿ ಬದುಕಿಸಿದರು ಎಂದು ಅವರು ಹೇಳಿಕೊಳ್ಳುತ್ತಿದ್ದರು. ಮರುದಿನವೇ ಸೇನಾ ಆಸ್ಪತ್ರೆಗೆ ಸೇರಿದ್ದರು ಎನ್ನುತ್ತವೆ ದಾಖಲೆಗಳು. ಈ ಕಥೆಯ ನಿಜ ಸುಳ್ಳಿನ ಬಗ್ಗೆ ಬರೆದದ್ದೇ ಒಂದು ರಾಶಿ ಇದೆ. ನನಗೆ ಅದರಲ್ಲಿ ಅಷ್ಟು ಆಸಕ್ತಿಯಿಲ್ಲ. ಕೊಬ್ಬು ಮತ್ತು ಫೆಲ್ಟ್ ಅವರ ಕೃತಿಗಳಲ್ಲಿ ಕೊನೆಯವರೆಗೂ ಉಳಿದವು ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು. ಕೊಬ್ಬಿನ ವಿಷಯ ಕಡೆಯಲ್ಲಿ ಮತ್ತೆ ಬರುತ್ತದೆ.

1961ರಲ್ಲಿ ತಾವು ಓದಿದ ಅಕಾಡೆಮಿಗೇ ಸ್ಮಾರಕ ಶಿಲ್ಪದ ಪ್ರೊಫೆಸರ್ ಆಗಿ ಬಂದರು. ಆಗ ವಯಸ್ಸು 40. ಹೊರಗಿನ ಜಗತ್ತಿಗೆ ಬಾಯ್ಸ್ ಎಂದರೆ 1965ರಲ್ಲಿ ತಲೆಗೆ ಜೇನು ಬಳಿದು, ಚಿನ್ನದ ರೇಕು ಅಂಟಿಸಿಕೊಂಡು, ಸತ್ತ ಮೊಲವನ್ನು ಎತ್ತಿಕೊಂಡು ಗ್ಯಾಲರಿಯಲ್ಲಿ ಅದಕ್ಕೆ ಚಿತ್ರಗಳನ್ನು ವಿವರಿಸಿದ ವಿಚಿತ್ರ ಮನುಷ್ಯ. ಅದೂ ಪಾಠವೇ ಅಲ್ಲವೇ ಎಂದು ಯಾರೂ ಕೇಳಲಿಲ್ಲ. ಮೇಷ್ಟ್ರುಗಿರಿಯೇ ನನ್ನ ಅತಿ ದೊಡ್ಡ ಕಲಾಕೃತಿ, ಉಳಿದದ್ದೆಲ್ಲ ಅದರ ಕಸ ಎಂಬ ಅರ್ಥದ ಮಾತನ್ನು ಅವರು 1969ರಲ್ಲಿ ಒಬ್ಬ ಅಮೆರಿಕನ್ ಸಂದರ್ಶಕನಿಗೆ ಹೇಳಿದ್ದರು. ಕಲಾವಿದರು ಇಂಥ ಮಾತು ಆಡುವುದುಂಟು, ಯಾರೂ ಅಕ್ಷರಶಃ ತೆಗೆದುಕೊಳ್ಳುವುದಿಲ್ಲ. ಇವರು ಮಾತ್ರ ಅಕ್ಷರಶಃ ಹೇಳಿದ್ದರು.

ಅವರ ತರಗತಿಯನ್ನು ನೋಡಿದರೆ ಗೊತ್ತಾಗುತ್ತದೆ. ದುಂಡಗೆ ಕೂತು ಗಂಟೆಗಟ್ಟಲೆ ವಾದ ಮಾಡುವ ‘ರಿಂಗ್ ಮಾತುಕತೆ’ಗಳು ಅಲ್ಲಿ ನಡೆಯುತ್ತಿದ್ದವು. ಅನಾಟೋಲ್ ಹರ್ಟ್ಸ್‌ಫೆಲ್ಡ್ ಎಂಬ ವಿದ್ಯಾರ್ಥಿ ವೃತ್ತಿಯಲ್ಲಿ ಪೊಲೀಸ್. ಬ್ಲಿಂಕಿ ಪಲೆರ್ಮೋ ಬಟ್ಟೆಯ ತುಂಡುಗಳನ್ನು ಹೊಲಿದು ಬಣ್ಣದ ಪಟ್ಟಿಗಳನ್ನು ಮಾಡಿದ. ಇಮಿ ಕ್ನೋಬೆಲ್ ಹಾರ್ಡ್‌ಬೋರ್ಡಿನ ಹಲಗೆ, ಚೌಕಟ್ಟುಗಳನ್ನು ಪೇರಿಸಿಟ್ಟ. ಯೋರ್ಗ್ ಇಮ್ಮೆನ್‌ಡಾರ್ಫ್ ರಾಜಕೀಯ ಚಿತ್ರಗಳನ್ನು ಬರೆದ. ಕತರೀನಾ ಸೀವರ್ಡಿಂಗ್ ಕ್ಯಾಮೆರಾ ಹಿಡಿದು ತನ್ನದೇ ಮುಖವನ್ನು ಗೋಡೆಯಷ್ಟು ದೊಡ್ಡದು ಮಾಡಿದಳು. ಇವರಲ್ಲಿ ಯಾರೂ ಗುರುವಿನ ನಕಲಲ್ಲ. ಮೇಷ್ಟ್ರ ಕೈಬರಹವೇ ಶಿಷ್ಯರ ಕೈಬರಹವಾಗುವುದು ಕಲಾಶಾಲೆಗಳ ಹಳೆಯ ರೋಗ. ಆ ರೋಗ ಇಲ್ಲಿ ತಗುಲದಿದ್ದುದೇ ನನ್ನ ಪ್ರಕಾರ ಬಾಯ್ಸ್ ಪಾಠದ ಬಗ್ಗೆ ಇರುವ ಅತ್ಯಂತ ಗಟ್ಟಿಯಾದ ಸಾಕ್ಷಿ.

1967ರ ಜೂನ್ 2ರಂದು ಬರ್ಲಿನ್‌ನಲ್ಲಿ ಪ್ರತಿಭಟನೆಯೊಂದರ ವೇಳೆ ಬೆನ್ನೋ ಓನೆಸೋರ್ಗ್ ಎಂಬ ವಿದ್ಯಾರ್ಥಿ ಪೊಲೀಸನ ಗುಂಡಿಗೆ ಬಲಿಯಾದ. ಅದೇ ತಿಂಗಳು ಬಾಯ್ಸ್ ‘ಜರ್ಮನ್ ವಿದ್ಯಾರ್ಥಿ ಪಕ್ಷ’ ಕಟ್ಟಿದರು. ಮರುವರ್ಷ ಅಕಾಡೆಮಿಯ ಹಲವು ಪ್ರೊಫೆಸರುಗಳು ಅವರ ವಿರುದ್ಧ ಅವಿಶ್ವಾಸದ ಹೇಳಿಕೆ ಹೊರಡಿಸಿದರು. ಸಹೋದ್ಯೋಗಿಗಳ ಅಸಮಾಧಾನ ಬರೀ ಅಸೂಯೆ ಎಂದು ತಳ್ಳಿಹಾಕುವಂತಿಲ್ಲ. ಒಂದು ತರಗತಿ ಉಬ್ಬುತ್ತಾ ಹೋದರೆ ಪಕ್ಕದ ತರಗತಿಯ ಜಾಗ, ವರ್ಕ್‌ಶಾಪು, ಕಾರಿಡಾರು ಕುಗ್ಗುತ್ತಲೇ ಹೋಗುತ್ತವೆ. ರೈನ್ ನದಿಯ ಹತ್ತಿರ ಹತ್ತೊಂಬತ್ತನೇ ಶತಮಾನದಲ್ಲಿ ಎದ್ದ ಆ ಕಟ್ಟಡ ರಬ್ಬರಿನದಾಗಿರಲಿಲ್ಲ. ಎಪ್ಪತ್ತರ ದಶಕದ ಆರಂಭಕ್ಕೆ ಬಾಯ್ಸ್ ತರಗತಿಯ ಸಂಖ್ಯೆ 200 ದಾಟಿತ್ತು.

ಈಗ ಸೀಟಿನ ವಿಷಯಕ್ಕೆ ಬರೋಣ. ಜರ್ಮನಿಯ ಕಲಾ ಅಕಾಡೆಮಿ ಸೇರಬೇಕೆಂದರೆ ‘ಮಾಪ್ಪೆ’ ಒಪ್ಪಿಸಬೇಕು. ಮಾಪ್ಪೆ ಎಂದರೆ ತಾನು ಬರೆದ ಚಿತ್ರಗಳನ್ನು ತುಂಬಿದ ದೊಡ್ಡ ರಟ್ಟಿನ ಫೈಲು. ಪ್ರೊಫೆಸರುಗಳ ಸಮಿತಿ ಅದನ್ನು ಬಿಚ್ಚಿ ನೋಡಿ ಹೌದು ಅಥವಾ ಇಲ್ಲ ಎನ್ನುತ್ತದೆ. 1971ರ ಬೇಸಿಗೆಯಲ್ಲಿ ಡ್ಯುಸೆಲ್‌ಡಾರ್ಫ್‌ನಲ್ಲಿ ಶಾಲೆಯ ಕಲಾಶಿಕ್ಷಕರಾಗುವ ಓದಿಗೆ ಅರ್ಜಿ ಹಾಕಿದವರು 232 ಮಂದಿ. ಅವರಲ್ಲಿ 142 ಮಂದಿಗೆ ಇಲ್ಲ ಎಂಬ ಉತ್ತರ ಬಂತು. ಗಮನಿಸಿ, ಇವರು ಮುಂದಿನ ಪಿಕಾಸೋ ಆಗಲು ಹೊರಟವರಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಲು, ಡ್ರಾಯಿಂಗ್ ಮಿಸ್ ಆಗಲು ಬಂದವರು. ಶಿಕ್ಷಕರ ಬೇಡಿಕೆ ಸರ್ಕಾರಕ್ಕೂ ಗೊತ್ತಿತ್ತು. ಅದೇ 1971ರಲ್ಲಿ ಕಲಾಶಿಕ್ಷಕರ ತರಬೇತಿಗೆಂದೇ ಅಕಾಡೆಮಿಯ ಒಂದು ಶಾಖೆಯನ್ನು ಮ್ಯೂನ್‌ಸ್ಟರ್ ನಗರದಲ್ಲಿ ತೆರೆಯಲಾಯಿತು.

ಆ 142 ಮಂದಿಯನ್ನೂ ನನ್ನ ತರಗತಿಗೆ ತೆಗೆದುಕೊಳ್ಳುತ್ತೇನೆ ಎಂದು ಬಾಯ್ಸ್ ಘೋಷಿಸಿದರು. ಇಪ್ಪತ್ತು ವರ್ಷದ ಹುಡುಗನೊಬ್ಬನ ಫೈಲು ಅವನು ಈವರೆಗೆ ಏನು ನೋಡಿದ್ದಾನೆ ಎಂಬುದನ್ನಷ್ಟೇ ಹೇಳುತ್ತದೆ, ಮುಂದೆ ಏನಾಗುತ್ತಾನೆ ಎಂಬುದು ಜೊತೆಯಲ್ಲಿ ಕೂತು ಕೆಲಸ ಮಾಡಿದರೆ ಮಾತ್ರ ತಿಳಿದೀತು: ಅವರ ನಿಲುವಿನ ತಿರುಳು ಇದೇ ಎಂದು ನಾನು ಓದಿಕೊಳ್ಳುತ್ತೇನೆ. ‘ಪ್ರತಿ ಮನುಷ್ಯನೂ ಕಲಾವಿದ’ ಎಂಬ ಅವರ ಹೆಸರಾಂತ ಮಾತನ್ನೂ ಇಲ್ಲಿಂದಲೇ ನೋಡಬೇಕು. ಎಲ್ಲರೂ ಕುಂಚ ಹಿಡಿಯಿರಿ ಎಂದು ಅದರ ಅರ್ಥವಲ್ಲ. ದಾದಿಯಾಗಲಿ, ರೈತನಾಗಲಿ, ಡ್ರಾಯಿಂಗ್ ಮೇಷ್ಟ್ರಾಗಲಿ, ತನ್ನ ಕೆಲಸವನ್ನು ಹೊಸದಾಗಿ ರೂಪಿಸುವ ಶಕ್ತಿ ಎಲ್ಲರಲ್ಲೂ ಇದೆ ಎಂದು. ಹಾಗೆ ನಂಬಿದವನು ಫೈಲು ನೋಡಿ ‘ಇಲ್ಲ’ ಎನ್ನುವುದಾದರೂ ಹೇಗೆ?

ಅಕ್ಟೋಬರ್‌ನಲ್ಲಿ ವಿದ್ಯಾರ್ಥಿಗಳ ಜೊತೆ ಹೋಗಿ ಅಕಾಡೆಮಿಯ ಕಚೇರಿಯಲ್ಲಿ ಕೂತುಬಿಟ್ಟರು. ಅಕಾಡೆಮಿಯ ಉಸ್ತುವಾರಿ ಹೊತ್ತ ರಾಜ್ಯ ಸರ್ಕಾರದ ವಿಜ್ಞಾನ ಮಂತ್ರಾಲಯ ಬಗ್ಗಿತು, ಪ್ರವೇಶ ಸಿಕ್ಕಿತು. ಇನ್ನೊಮ್ಮೆ ಹೀಗಾದರೆ ಸಹಿಸುವುದಿಲ್ಲ ಎಂಬ ಎಚ್ಚರಿಕೆಯೂ ಜೊತೆಗೇ ಬಂತು.

1972ರ ವರ್ಷವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಗೋಜಲೆಲ್ಲ ಅಲ್ಲೇ ಇದೆ. ಜುಲೈ 18ರಂದು ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ ಸೀಟು ಮಿತಿಯ ಬಗ್ಗೆ ಒಂದು ದೊಡ್ಡ ತೀರ್ಪು ಕೊಟ್ಟಿತು. ಅದು ವೈದ್ಯಕೀಯ ಸೀಟಿನ ವ್ಯಾಜ್ಯ. ಇರುವ ಸೌಕರ್ಯವನ್ನೆಲ್ಲ ಪೂರ್ತಿ ಬಳಸಿದ ಮೇಲಷ್ಟೇ ವಿಶ್ವವಿದ್ಯಾಲಯಗಳು ಬಾಗಿಲು ಹಾಕಬಹುದು ಎಂದು ತೀರ್ಪು ಹೇಳಿತು. ಅಂದರೆ ಯಾರು ಒಳಗೆ, ಯಾರು ಹೊರಗೆ ಎಂಬ ಪ್ರಶ್ನೆ ಬಾಯ್ಸ್ ತಲೆಯಲ್ಲಿ ಹುಟ್ಟಿದ ಹುಚ್ಚಲ್ಲ. ಯುದ್ಧದ ನಂತರ ಹುಟ್ಟಿದ ಪೀಳಿಗೆಯೊಂದು ಕಾಲೇಜಿನ ಹೊಸ್ತಿಲಿಗೆ ಬಂದು ನಿಂತಿತ್ತು, ಇಡೀ ದೇಶಕ್ಕೆ ಜಾಗ ಸಾಲುತ್ತಿರಲಿಲ್ಲ.

ಅದೇ ಬೇಸಿಗೆಯಲ್ಲಿ ಬಾಯ್ಸ್ ಕಾಸೆಲ್ ನಗರದಲ್ಲಿದ್ದರು. ಅಲ್ಲಿನ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಮೇಜು ಹಾಕಿ, ಮೇಲೊಂದು ಗುಲಾಬಿ ಇಟ್ಟು, 100 ದಿನ ನೇರ ಪ್ರಜಾಪ್ರಭುತ್ವದ ಬಗ್ಗೆ ಬಂದವರೊಂದಿಗೆಲ್ಲ ಮಾತಾಡಿದರು. ಕೊನೆಯ ದಿನ, ಅಕ್ಟೋಬರ್ 8ರಂದು, ಬಾಕ್ಸಿಂಗ್ ಗ್ಲೌಸ್ ತೊಟ್ಟು ಒಬ್ಬ ವಿದ್ಯಾರ್ಥಿಯೊಂದಿಗೆ ಪಂದ್ಯ ಆಡಿದರು. ರೆಫರಿ ಅನಾಟೋಲ್, ಗೆದ್ದದ್ದು ಮೇಷ್ಟ್ರು. ಎರಡು ದಿನ ಕಳೆಯಿತು. ಅಕ್ಟೋಬರ್ 10ರಂದು ಡ್ಯುಸೆಲ್‌ಡಾರ್ಫ್‌ನಲ್ಲಿ, ಆ ವರ್ಷ ಪ್ರವೇಶ ಸಿಗದವರನ್ನು ಕಟ್ಟಿಕೊಂಡು ಮತ್ತೆ ಅದೇ ಕಚೇರಿಗೆ ನುಗ್ಗಿದರು. ಈ ಸಲ ಮಂತ್ರಾಲಯ ಬಗ್ಗಲಿಲ್ಲ. ರಾಜ್ಯದ ಆಗಿನ ವಿಜ್ಞಾನ ಮಂತ್ರಿ ಯೊಹಾನೆಸ್ ರಾವ್, ಮುಂದೆ ಜರ್ಮನಿಯ ರಾಷ್ಟ್ರಾಧ್ಯಕ್ಷರಾದವರು, ನೋಟಿಸಿನ ಅವಧಿಯೂ ಇಲ್ಲದಂತೆ ವಜಾ ಮಾಡಿದರು. ಪೊಲೀಸರು ಬಂದರು. ಎರಡೂ ಬದಿಗೆ ಸಾಲುಗಟ್ಟಿ ನಿಂತ ಪೊಲೀಸರ ನಡುವೆ ಫೆಲ್ಟ್ ಟೋಪಿಯ ಬಾಯ್ಸ್ ನಗುತ್ತಾ ನಡೆದುಬರುವ ಫೋಟೋ ಆಗಿನದು. ‘ಪ್ರಜಾಪ್ರಭುತ್ವ ಮಜವಾಗಿದೆ’ ಎಂದು ಅದರ ಮೇಲೆ ತಾವೇ ಬರೆದು ಆಮೇಲೆ ಮುದ್ರಿಸಿ ಹಂಚಿದರು. ನೌಕರಿ ಹೋದ ದಿನದ ಫೋಟೋವನ್ನು ಕಲಾಕೃತಿ ಮಾಡಿ ಮಾರಿದವರು ಹೆಚ್ಚಿಲ್ಲ.

ಮಂತ್ರಿಯ ಜಾಗದಲ್ಲಿ ನಿಂತು ನೋಡಿದರೂ ದಾರಿ ಸಲೀಸಾಗಿರಲಿಲ್ಲ. ಒಬ್ಬ ಪ್ರೊಫೆಸರಿಗೆ ಎರಡನೇ ಬಾರಿ ಬಗ್ಗಿದರೆ ಉಳಿದ ಕಾಲೇಜುಗಳಿಗೆ ಏನು ಉತ್ತರ? ಆದರೆ ಕಚೇರಿ ಆಕ್ರಮಿಸಿದ್ದರ ಬಗ್ಗೆ ಎಷ್ಟು ಬೇಗ ತೀರ್ಮಾನ ಆಯಿತೋ, ಹೊರಗೆ ಉಳಿದವರ ಬಗ್ಗೆ ಅಷ್ಟು ಬೇಗ ಆಗಲಿಲ್ಲ.

ಲೇಖಕರಾದ ಹೈನ್ರಿಷ್ ಬ್ಯೋಲ್, ಪೀಟರ್ ಹಾಂಡ್ಕೆ, ಚಿತ್ರಕಾರ ಡೇವಿಡ್ ಹಾಕ್ನಿ ಮೊದಲಾದವರು ಪ್ರತಿಭಟನೆಯ ಪತ್ರಕ್ಕೆ ಸಹಿ ಹಾಕಿದರು. 1973ರಲ್ಲಿ ಬಾಯ್ಸ್ ಮತ್ತು ಬ್ಯೋಲ್ ಸೇರಿ ‘ಮುಕ್ತ ಅಂತರರಾಷ್ಟ್ರೀಯ ವಿಶ್ವವಿದ್ಯಾಲಯ’ ಎಂಬ ಸಂಸ್ಥೆಗೆ ಬುನಾದಿ ಹಾಕಿದರು. ಪ್ರವೇಶ ಪರೀಕ್ಷೆಯಿಲ್ಲ, ಹೆಚ್ಚೂಕಡಿಮೆ ಕಟ್ಟಡವೂ ಇಲ್ಲ. ಅದೇ ವರ್ಷದ ಅಕ್ಟೋಬರ್ 20ರಂದು ಪೊಲೀಸ್ ಶಿಷ್ಯ ಅನಾಟೋಲ್ ತಾನೇ ಮರ ಕೊರೆದು ಮಾಡಿದ ದೋಣಿಯಲ್ಲಿ ಗುರುಗಳನ್ನು ಕೂರಿಸಿಕೊಂಡು ಓಬರ್‌ಕಾಸೆಲ್ ದಡದಿಂದ ರೈನ್ ದಾಟಿಸಿ ಅಕಾಡೆಮಿಯ ದಡಕ್ಕೆ ತಂದ. ‘ಮನೆಗೆ ಕರೆತರುವುದು’ ಎಂದು ಅದಕ್ಕೆ ಹೆಸರು. ಜನ ನೋಡಿದರು, ಪತ್ರಿಕೆಗಳಲ್ಲಿ ಬಂತು, ವಜಾ ಆದೇಶ ಹಾಗೇ ಇತ್ತು.

ಆಮೇಲಿನದು ವಕೀಲರ ಕಾಲ. ಒಂದು ಕೋರ್ಟಿನಿಂದ ಇನ್ನೊಂದಕ್ಕೆ ಏರಿ ಏರಿ 1978ರ ಏಪ್ರಿಲ್ 7ರಂದು ಕಾರ್ಮಿಕ ವ್ಯಾಜ್ಯಗಳ ಅತ್ಯುನ್ನತ ನ್ಯಾಯಾಲಯ, ಅದೂ ಕಾಸೆಲ್‌ನಲ್ಲೇ ಇದ್ದದ್ದು, ವಜಾ ಮಾಡಿದ್ದು ಕಾನೂನುಬಾಹಿರ ಎಂದಿತು. ಅದು ನೌಕರಿಯ ದಾವೆ. ಫೈಲು ನೋಡಿ ಸೀಟು ಕೊಡುವುದು ಸರಿಯೇ ಎಂಬುದು ಅದರ ಮುಂದಿದ್ದ ಪ್ರಶ್ನೆಯಲ್ಲ. 1980ರ ರಾಜಿಯಲ್ಲೂ ಆ ಪ್ರಶ್ನೆ ಬರಲಿಲ್ಲ. ಬಾಯ್ಸ್ ಹುದ್ದೆ ಬಿಟ್ಟರು, ಪ್ರೊಫೆಸರ್ ಎಂಬ ಹೆಸರು ಉಳಿಸಿಕೊಂಡರು, ಅಕಾಡೆಮಿಯ ಮೂರನೇ ನಂಬರಿನ ಕೋಣೆಯನ್ನು 65 ವಯಸ್ಸಿನವರೆಗೆ ಬಳಸುವ ಹಕ್ಕು ಪಡೆದರು. ಅಷ್ಟರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಗ್ರಹಾಲಯದಲ್ಲಿ ಅವರ ದೊಡ್ಡ ಪ್ರದರ್ಶನ ಮುಗಿದಿತ್ತು; ತಮ್ಮ ಊರಿನ ಸರ್ಕಾರಿ ಅಕಾಡೆಮಿಯಲ್ಲಿ ಮಾತ್ರ ಅವರು ಪಾಠವಿಲ್ಲದ ಮೇಷ್ಟ್ರು.

ಆ ಕೋಣೆ ಮುಕ್ತ ವಿಶ್ವವಿದ್ಯಾಲಯದ ಕಚೇರಿಯಾಯಿತು. 1982ರಲ್ಲಿ, ಕಾಸೆಲ್‌ನಲ್ಲಿ 7000 ಓಕ್ ಗಿಡ ನೆಡುವ ಕೆಲಸ ಶುರುಮಾಡಿದ ವರ್ಷ, ಬಾಯ್ಸ್ ಏಣಿ ಹತ್ತಿ ಆ ಕೋಣೆಯ ಗೋಡೆಯ ಮೇಲಿನ ಮೂಲೆಗೆ ಐದು ಕಿಲೋ ಬೆಣ್ಣೆ ಮೆತ್ತಿ, ಶಿಷ್ಯ ಯೊಹಾನೆಸ್ ಷ್ಟ್ಯೂಟ್‌ಗೆನ್‌ಗೆ ಇದು ನಿನಗೆ ಎಂದು ಕೊಟ್ಟರು. 1986ರ ಮೇ 12ಕ್ಕೆ ಅವರಿಗೆ 65 ತುಂಬಬೇಕಿತ್ತು. ಜನವರಿ 23ರಂದು ತೀರಿಕೊಂಡರು; ಗಡುವಿಗೆ ಇನ್ನೂ ಮೂರೂವರೆ ತಿಂಗಳು ಉಳಿದಿತ್ತು. ಅಕ್ಟೋಬರ್‌ನಲ್ಲಿ ಕೋಣೆಯನ್ನು ಶುಚಿ ಮಾಡುವಾಗ ಬೆಣ್ಣೆಯ ಮೂಲೆಯನ್ನೂ ಕೆರೆದು ತೆಗೆದರು. ಷ್ಟ್ಯೂಟ್‌ಗೆನ್ ಅದನ್ನು ಕಸದ ಬುಟ್ಟಿಯಲ್ಲಿ ಕಂಡು ಕೋರ್ಟಿಗೆ ಹೋದ. ಮತ್ತೆ ಅದೇ ಸರ್ಕಾರ ಎದುರುದಾರ, ಮತ್ತೆ ಕೊನೆಗೆ ರಾಜಿ. ಈ ಸಲ 40,000 ಮಾರ್ಕ್ ಕೊಟ್ಟು ಮುಗಿಸಿದರು.