ಡಾಕಿನ್ಸ್ ನಾಸ್ತಿಕರು ಸರಿ, ವಿಕಾಸವಾದವೂ ನಾಸ್ತಿಕವೇ?

ಪ್ರಶ್ನೆ: ಮಗ ಪಿಯುಸಿ ಸೈನ್ಸ್ ಓದ್ತಾನ್ರಿ. ಮೊಬೈಲಿನಾಗ ರಿಚರ್ಡ್ ಡಾಕಿನ್ಸ್ ಅನ್ನೋ ವಿಜ್ಞಾನಿ ಭಾಷಣ ನೋಡಿ, ವಿಕಾಸವಾದ ಖರೆ ಅಂದಮ್ಯಾಲೆ ದೇವ್ರಿಲ್ಲ ಅಂತ ಒಪ್ಪಲೇಬೇಕು ಅಂತಾನ. ಮನ್ಯಾಗ ಹಿರ್ಯಾರು, ಹಂಗಿದ್ರ ಆ ಪಾಠನೇ ಬ್ಯಾಡ ಅಂತಾರ. ಯಾರ ಮಾತು ಸರಿ?

ಉತ್ತರ: ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಓದುಗರು ಈ ಪ್ರಶ್ನೆಯನ್ನು ಒಂದಲ್ಲ ಒಂದು ರೂಪದಲ್ಲಿ ಕೇಳುತ್ತಲೇ ಇರುತ್ತಾರೆ. ಇಬ್ಬರ ಮಾತೂ ಸರಿಯಲ್ಲ. ಇಬ್ಬರೂ ಮಾಡಿರುವುದು ಒಂದೇ ತಪ್ಪು. ಹೇಳಿದವನ ನಂಬಿಕೆಯನ್ನೂ ಹೇಳಿದ ವಿಷಯವನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದಾರೆ. ಆ ಗಂಟು ಬಿಚ್ಚಲು ಡಾಕಿನ್ಸ್ ಪಾಠ ಹೇಳಿದ ಆಕ್ಸ್‌ಫರ್ಡ್‌ವರೆಗೆ ಹೋಗಬೇಕಿಲ್ಲ. ರಾಯಚೂರಿನ ಯಾವುದಾದರೂ ಎರೆ ಹೊಲದ ಹತ್ತಿ ಸಾಕು.

ಹತ್ತಿಯ ಕಾಯಿ ಕೊರೆದು ಬೀಜ ತಿನ್ನುವ ಗುಲಾಬಿ ಕಾಯಿಕೊರಕ ಹುಳದ ಮಾತು ಬಂದರೆ ರೈತರು "ಹುಳಕ್ಕ ಬಿಟಿ ರೂಢಿ ಆಗೇತಿ" ಅನ್ನುತ್ತಾರೆ. ಬಿಟಿ ಎಂದರೆ ಈ ಹುಳವನ್ನು ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವಂತೆ ಒಂದು ಬ್ಯಾಕ್ಟೀರಿಯಾದ ಜೀನು (ತಾಯಿ-ತಂದೆಯಿಂದ ಮರಿಗೆ ಗುಣ ಸಾಗಿಸುವ ಅಂಶ) ಸೇರಿಸಿದ ಹತ್ತಿ. ರೈತರ ಮಾತಿನಲ್ಲಿ ಅರ್ಧ ಸತ್ಯವಿದೆ. ಹುಳದ ಸಂತತಿ ಬದಲಾಗಿರುವುದು ನಿಜ. ಆದರೆ ಯಾವ ಹುಳವೂ ಬಿಟಿ ವಿಷವನ್ನು ತಿಂದು ತಿಂದು ರೂಢಿ ಮಾಡಿಕೊಂಡಿಲ್ಲ. ತಿಂದದ್ದು ಸತ್ತಿತು. ವಿಷ ತಾಳುವ ಜೀನನ್ನು ತಾಯಿಯಿಂದಲೂ ತಂದೆಯಿಂದಲೂ ಪಡೆದು ಹುಟ್ಟಿದ್ದ ಎಲ್ಲೋ ಒಂದು ಹುಳ ಉಳಿಯಿತು. ಲೆಕ್ಕಕ್ಕೆಂದು ಅಂಥ ಜೀನು ಸಾವಿರಕ್ಕೆ ಒಂದು ಇದೆ ಎಂದಿಟ್ಟುಕೊಳ್ಳಿ. ಅದರ ಎರಡೂ ಪ್ರತಿ ಇರುವ ಹುಳ ಸಿಗುವುದು ಸಾವಿರವನ್ನು ಸಾವಿರದಿಂದ ಗುಣಿಸಿದಷ್ಟರಲ್ಲಿ ಒಂದು, ಅಂದರೆ 10 ಲಕ್ಷಕ್ಕೆ ಒಂದು. ಒಂದೇ ಪ್ರತಿ ಇರುವ ಹುಳ ಸುಮಾರು 500ಕ್ಕೆ ಒಂದು ಸಿಗುತ್ತದೆ, ಆದರೆ ಗಿಡದಲ್ಲಿ ವಿಷದ ಪ್ರಮಾಣ ಚೆನ್ನಾಗಿದ್ದರೆ ಅದೂ ಸಾಯುತ್ತದೆ.

ಬಿಟಿ ಹತ್ತಿಯ ಪಾಕೀಟಿನೊಳಗೆ 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ನಾನ್-ಬಿಟಿ ಬೀಜವನ್ನು ಬೇರೆ ಇಟ್ಟು ಕೊಡುತ್ತಿದ್ದದ್ದು ಇದೇ ಲೆಕ್ಕದ ಮೇಲೆ. ಹೊಲದ ಸುತ್ತ ಐದು ಸಾಲು, ಇಲ್ಲವೇ ಶೇ. 20ರಷ್ಟು ಜಾಗ, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟರಲ್ಲಿ ನಾನ್-ಬಿಟಿ ಬಿತ್ತಬೇಕಿತ್ತು. ಆ ಸಾಲುಗಳಲ್ಲಿ ವಿಷ ತಾಳದ ಹುಳಗಳು ಬೇಕಾದಷ್ಟು ಬೆಳೆದು ಪತಂಗವಾಗುತ್ತವೆ. ಬಿಟಿ ಗಿಡದಲ್ಲಿ ಬದುಕುಳಿದ ಒಂದು ಪತಂಗ ಇವುಗಳಲ್ಲಿ ಒಂದರ ಜೊತೆ ಕೂಡಿದರೆ ಮರಿಗಳಿಗೆ ಆ ಜೀನಿನ ಒಂದೇ ಪ್ರತಿ ಸಿಗುತ್ತದೆ, ಮರಿಗಳು ಬಿಟಿ ತಿಂದು ಸಾಯುತ್ತವೆ. ನಾನ್-ಬಿಟಿ ಸಾಲೇ ಇಲ್ಲದಿದ್ದರೆ ಉಳಿದವು ಉಳಿದವುಗಳ ಜೊತೆಗೇ ಕೂಡುತ್ತವೆ, ಮರಿಗಳೆಲ್ಲ ಗಟ್ಟಿ.

ನಮ್ಮಲ್ಲಿ ಆ ಚಿಕ್ಕ ಪಾಕೀಟನ್ನು ಬಿತ್ತಿದವರು ಕಡಿಮೆ. ಐದು ಸಾಲು ಹುಳಕ್ಕೆ ಬಿಟ್ಟುಕೊಡಲು ಯಾವ ರೈತನಿಗೂ ಮನಸ್ಸು ಬರುವುದು ಕಷ್ಟ, ಇದರಲ್ಲಿ ಅವರನ್ನು ದೂರಲಾಗದು. ಕಾರಣವನ್ನು ಸರಿಯಾಗಿ ಬಿಡಿಸಿ ಹೇಳಿದವರೂ ಕಡಿಮೆಯೇ. ಮೇಲಾಗಿ ನಮ್ಮದು ಹೈಬ್ರಿಡ್ ಹತ್ತಿ. ಅದರ ಕಾಯೊಳಗಿನ ಬೀಜಗಳಲ್ಲಿ ಬಿಟಿ ಜೀನು ಹಂಚಿಹೋಗಿ, ಒಂದು ಜೀನಿನ ಲೆಕ್ಕದಲ್ಲಿ ಕಾಲು ಭಾಗ ಬೀಜಗಳಿಗೆ ಅದು ಇರುವುದೇ ಇಲ್ಲ. ಬೀಜ ತಿನ್ನುವ ಕಾಯಿಕೊರಕಕ್ಕೆ ಇದು ಅರೆಬರೆ ವಿಷ. ಒಂದೇ ಪ್ರತಿ ಇರುವ ಹುಳವೂ ಹೀಗೆ ಪಾರಾಗಬಹುದು. ಜೊತೆಗೆ ಬೆಳೆಯನ್ನು ಜನವರಿ ದಾಟಿಸಿ ಇನ್ನೊಂದು ಸಲ ಬಿಡಿಸುವ ಆಸೆ ಹುಳಕ್ಕೆ ಹೆಚ್ಚುವರಿ ಪೀಳಿಗೆಗಳನ್ನು ಕೊಟ್ಟಿತು. ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ, ಎರಡು ಬಗೆಯ ವಿಷದ ಜೀನುಗಳಿರುವ ಬಿಟಿ ಬಂದದ್ದು 2006ರಲ್ಲಿ. ಮೊದಲ ಜೀನಿನ ವಿಷ ತಾಳುವ ಹುಳ ಗುಜರಾತಿನಲ್ಲಿ ಸಿಕ್ಕ ಸುದ್ದಿ 2010ರಲ್ಲಿ ಹೊರಬಿತ್ತು. ಮುಂದೆ ಐದಾರು ವರ್ಷದಲ್ಲಿ ಎರಡು ಜೀನಿನ ಬಿಟಿಯೂ ಈ ಹುಳದ ಮುಂದೆ ಸೋತಿತು. ನಾನ್-ಬಿಟಿ ಸಾಲುಗಳನ್ನು ನಿಯಮದಂತೆ ಬೆಳೆದ ಅಮೆರಿಕದ ಅರಿಜೋನಾದಲ್ಲಿ ಹುಳ ಹೀಗೆ ಕೈಮೀರಲಿಲ್ಲ. ಅಲ್ಲಿ ಸಂತಾನಶಕ್ತಿ ಕಳೆದ ಪತಂಗಗಳನ್ನೂ ಬಿಟ್ಟು, 2018ರಲ್ಲಿ ಆ ದೇಶದ ಹತ್ತಿ ಪ್ರದೇಶದಿಂದ ಈ ಹುಳವೇ ಇಲ್ಲವಾಗಿದೆ ಎಂದು ಘೋಷಿಸಿದರು.

ಡಾರ್ವಿನ್ ಹೇಳಿದ ನೈಸರ್ಗಿಕ ಆಯ್ಕೆ ಇದೇ. ಹುಟ್ಟಿನಲ್ಲಿ ವ್ಯತ್ಯಾಸ, ಬದುಕುಳಿಯುವುದರಲ್ಲಿ ವ್ಯತ್ಯಾಸ, ಉಳಿದವರ ಗುಣ ಮರಿಗಳಿಗೆ. ಇದರಲ್ಲಿ ದೇವರು ಇದ್ದಾನೆ ಎಂಬ ಮಾತಾಗಲಿ ಇಲ್ಲ ಎಂಬ ಮಾತಾಗಲಿ ಎಲ್ಲಿಯೂ ಬರಲಿಲ್ಲ.

ಮೇಲೆ ಸಾವಿರವನ್ನು ಸಾವಿರದಿಂದ ಗುಣಿಸಿದೆವಲ್ಲ, ಆ ಸೂತ್ರವನ್ನು 1908ರಲ್ಲಿ ಕೊಟ್ಟ ಇಬ್ಬರಲ್ಲಿ ಒಬ್ಬರು ಇಂಗ್ಲೆಂಡಿನ ಗಣಿತಜ್ಞ ಜಿ.ಎಚ್. ಹಾರ್ಡಿ. ಅವರು ಪಕ್ಕಾ ನಾಸ್ತಿಕರು. ಅದೇ ಹಾರ್ಡಿಯ ಜೊತೆ ಕೂತು ಗಣಿತ ಮಾಡಿದ ಶ್ರೀನಿವಾಸ ರಾಮಾನುಜನ್ ಮನೆದೇವತೆ ನಾಮಗಿರಿ ತಾಯಾರಿನ ಪರಮ ಭಕ್ತರು. ಇಬ್ಬರೂ ಕೂಡಿ ಬರೆದ ಗಣಿತದಲ್ಲಿ ಯಾವ ಸಾಲು ಭಕ್ತನದು, ಯಾವ ಸಾಲು ನಾಸ್ತಿಕನದು ಎಂದು ಗುರುತಿಸಲು ಯಾರಿಗೂ ಆಗದು. ಜೀವವಿಕಾಸದ ಗಣಿತವನ್ನು ಕಟ್ಟಿದ ಮೂವರಲ್ಲೂ ಹೀಗೇ: ರೊನಾಲ್ಡ್ ಫಿಶರ್ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ ಶ್ರದ್ಧಾವಂತರು, ಜೆ.ಬಿ.ಎಸ್. ಹಾಲ್ಡೇನ್ ಬಾಯಿಬಿಟ್ಟು ಹೇಳುವ ನಾಸ್ತಿಕರು, 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪೌರರಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಮೂರನೆಯವರು ಅಮೆರಿಕದ ಸೀವಾಲ್ ರೈಟ್. ಮನುಷ್ಯನ ಜೀನುಗಳನ್ನೆಲ್ಲ ಓದಲು ಹೊರಟ ಮಾನವ ಜೀನೋಮ್ ಯೋಜನೆಯ ಮುಂದಾಳಾಗಿದ್ದ ಫ್ರಾನ್ಸಿಸ್ ಕಾಲಿನ್ಸ್ ದೈವಭಕ್ತ ಕ್ರೈಸ್ತರು, ವಿಕಾಸವನ್ನು ಪೂರ್ತಿ ಒಪ್ಪಿದವರು. ಸ್ವತಃ ಡಾರ್ವಿನ್ 1879ರ ಒಂದು ಪತ್ರದಲ್ಲಿ, ಒಬ್ಬ ಮನುಷ್ಯ ಗಾಢ ದೈವಭಕ್ತನೂ ವಿಕಾಸವನ್ನು ಒಪ್ಪುವವನೂ ಆಗಿರಬಲ್ಲ ಎಂಬುದನ್ನು ಸಂಶಯಿಸುವುದೇ ಅಸಂಬದ್ಧ ಎಂದು ಬರೆದಿದ್ದಾರೆ.

ಹಾಗಾದರೆ ಡಾಕಿನ್ಸ್ ಹೇಳುವುದೇನು? ಅವರು 1941ರಲ್ಲಿ ನೈರೋಬಿಯಲ್ಲಿ ಹುಟ್ಟಿದ ಪ್ರಾಣಿವಿಜ್ಞಾನಿ. 1976ರ ತಮ್ಮ ಮೊದಲ ಪುಸ್ತಕ 'ದಿ ಸೆಲ್ಫಿಶ್ ಜೀನ್' (ಸ್ವಾರ್ಥಿ ಜೀನು) ಎಂಬುದರಲ್ಲಿ, ಆಯ್ಕೆಯನ್ನು ಜೀನಿನ ಕಡೆಯಿಂದ ನೋಡಿದರೆ ಪ್ರಾಣಿಗಳು ತಮ್ಮವರಿಗಾಗಿ ಪ್ರಾಣ ಕೊಡುವುದೂ ಅರ್ಥವಾಗುತ್ತದೆ ಎಂದು ತೋರಿಸಿದರು. ಹೆಸರಿನಲ್ಲಿ 'ಸ್ವಾರ್ಥಿ' ಎಂದಿದ್ದದ್ದರಿಂದ ಎಷ್ಟೋ ಜನ ಅದನ್ನು ಮನುಷ್ಯ ಸ್ವಾರ್ಥಿಯಾಗಿರಬೇಕು ಎಂಬ ಬೋಧನೆ ಎಂದುಕೊಂಡರು. ಪುಸ್ತಕ ಹೇಳಿದ್ದು ಅದಲ್ಲ. 1995ರಿಂದ 2008ರವರೆಗೆ ಅವರು ಆಕ್ಸ್‌ಫರ್ಡಿನಲ್ಲಿ ಜನರಿಗೆ ವಿಜ್ಞಾನ ತಿಳಿಸುವುದಕ್ಕೆಂದೇ ಇದ್ದ ಪೀಠದಲ್ಲಿದ್ದರು. ದೇವರ ವಿರುದ್ಧ ನೇರವಾಗಿ ವಾದಿಸುವ ಪುಸ್ತಕ ಬಂದದ್ದು 2006ರಲ್ಲಿ. ಅದರಲ್ಲೂ ನಂಬಿಕೆಯಿಂದ ನಿರಾಕರಣೆಯವರೆಗಿನ ಏಳು ಹಂತದ ಅಳತೆಯಲ್ಲಿ ಅವರು ತಮ್ಮನ್ನು ಇಟ್ಟುಕೊಂಡದ್ದು ಆರರಲ್ಲಿ, ಏಳರಲ್ಲಲ್ಲ. ಜೀವಿಗಳ ಜಾಣ ರಚನೆಗೆ ಆಯ್ಕೆಯೇ ಸಾಕಷ್ಟು ಕಾರಣವಾದ ಮೇಲೆ ರಚನೆಕಾರನನ್ನು ಊಹಿಸುವ ಅಗತ್ಯವಿಲ್ಲ ಎಂಬುದು ಅವರ ತರ್ಕ. ಮೊದಲರ್ಧ ಜೀವಶಾಸ್ತ್ರ, ಹೊಲದಲ್ಲಿ ಪರೀಕ್ಷಿಸಬಹುದು. ಎರಡನೆಯದು ತತ್ತ್ವಶಾಸ್ತ್ರದ ತೀರ್ಮಾನ. ನಿಮ್ಮ ಮಗ ಅದನ್ನೂ ಒಪ್ಪಬಹುದು, ಅದು ಅವನ ಹಕ್ಕು. ಆದರೆ "ವಿಜ್ಞಾನ ಹೀಗೆ ಹೇಳಿದೆ" ಎಂದು ಅದಕ್ಕೆ ಮೊಹರು ಒತ್ತುವಂತಿಲ್ಲ. ನಮ್ಮ ಮಟ್ಟಿಗೆ, ವಿಕಾಸವನ್ನು ಅವರಷ್ಟು ತಿಳಿಯಾಗಿ ವಿವರಿಸಿದವರು ವಿರಳ. ಅವರ ಧರ್ಮಖಂಡನೆಯ ಬಿರುಸಿನಲ್ಲಿ ಆ ವಿವರಣೆ ಕೇಳಬೇಕಾದವರೇ ಎದ್ದು ಹೋಗುತ್ತಾರೆ ಎಂಬುದು ನಷ್ಟ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಸಂಶೋಧಕರು ಬ್ರಿಟನ್ನಿನ 137 ವಿಜ್ಞಾನಿಗಳನ್ನು ಕೂರಿಸಿ ಮಾತಾಡಿಸಿದಾಗ, ಕೇಳದೆಯೇ 48 ಮಂದಿ ಡಾಕಿನ್ಸ್ ಹೆಸರೆತ್ತಿದರು. ಆ 48ರಲ್ಲಿ ಸುಮಾರು ಶೇ. 80ರಷ್ಟು ಜನ, ಡಾಕಿನ್ಸ್ ವಿಜ್ಞಾನವನ್ನೂ ವಿಜ್ಞಾನಿಗಳನ್ನೂ ತಪ್ಪಾಗಿ ಬಿಂಬಿಸುತ್ತಾರೆ ಎಂದರು. 137ರಲ್ಲಿ 48 ಎಂಬುದನ್ನು ಮರೆಯಬಾರದು. ಉಳಿದವರು ಅವರ ಸುದ್ದಿಯನ್ನೇ ಎತ್ತಿಲ್ಲ. 10 ಸಾವಿರಕ್ಕೂ ಹೆಚ್ಚು ಅಮೆರಿಕನ್ನರ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ ಕೆಲವರಿಗೆ ಡಾಕಿನ್ಸ್ ಬಗ್ಗೆ, ಕೆಲವರಿಗೆ ಕಾಲಿನ್ಸ್ ಬಗ್ಗೆ ಓದಿಸಿದರು. ಡಾಕಿನ್ಸ್ ಬಗ್ಗೆ ಓದಿದವರ ಅಭಿಪ್ರಾಯ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಕಾಲಿನ್ಸ್ ಬಗ್ಗೆ ಓದಿದವರಲ್ಲಿ ವಿಜ್ಞಾನ ಮತ್ತು ಧರ್ಮ ಜೊತೆಗೆ ಸಾಗಬಹುದು ಎನ್ನುವವರು ಹೆಚ್ಚಾದರು. ವಿಜ್ಞಾನಿಯೆಂದರೆ ದೇವರನ್ನು ಬೈಯುವವನು ಎಂದು ಜನ ಮೊದಲೇ ಅಂದುಕೊಂಡಿದ್ದರೆ ಅಂಥವನೊಬ್ಬನನ್ನು ತೋರಿಸಿ ಏನೂ ಬದಲಾಗದು. ಕಾಣದೇ ಇದ್ದವನನ್ನು ತೋರಿಸಬೇಕು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ, ಅದು ಪದದ್ದೇ. 'ವಿಕಾಸವಾದ' ಅಂದಕೂಡಲೇ ಗಾಂಧಿವಾದ, ನಾಸ್ತಿಕವಾದಗಳ ಸಾಲಿಗೆ ಸೇರಿ, ಬೇಕಿದ್ದವರು ಸೇರುವ ಪಂಥದಂತೆ ಕೇಳುತ್ತದೆ. ಗುರುತ್ವಾಕರ್ಷಣೆಗೆ ಯಾರೂ 'ವಾದ' ಹಚ್ಚುವುದಿಲ್ಲ. 'ವಿಕಾಸ' ಎಂದರೆ ಅರಳುವುದು, ಏಳಿಗೆ. ಕೇಳಿದವರಿಗೆ ಕೀಳಿನಿಂದ ಮೇಲಕ್ಕೆ ಹತ್ತುವ ಮೆಟ್ಟಿಲು ಕಾಣುತ್ತದೆ. ವಿಷ ತಾಳುವ ಕಾಯಿಕೊರಕ ಹಳೆಯದಕ್ಕಿಂತ ಮೇಲಿನದೇನಲ್ಲ, ಬಿಟಿ ಹೊಲದಲ್ಲಿ ಉಳಿಯುವಂಥದ್ದು ಅಷ್ಟೇ. ಪಾಠ ಹೇಳುವಾಗ 'ಜೀವವಿಕಾಸ' ಎಂದರೆ ಅರ್ಧ ಜಗಳ ತಪ್ಪುತ್ತದೆ.

ಅಂಜನಾದ್ರಿಯ ಸೀಮೆಯಲ್ಲಿ "ಮಂಗ ಮನುಷ್ಯ ಆಗಿದ್ರ ಇನ್ನೂ ಮಂಗ ಯಾಕದಾವ?" ಎಂಬ ಪ್ರಶ್ನೆ ಬರದೇ ಇರದು. 2018ರಲ್ಲಿ ಕೇಂದ್ರದ ಸಚಿವರೊಬ್ಬರು ಮಂಗ ಮನುಷ್ಯನಾದದ್ದನ್ನು ಯಾರೂ ಕಂಡಿಲ್ಲ ಎಂದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ಉತ್ತರ ಕೊಡಬೇಕಾಯಿತು. ತುಂಗಭದ್ರಾ ಜಲಾಶಯವನ್ನು ನೆನೆಯಿರಿ. ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರಿಗೆ ಬರುತ್ತದೆ, ಬಲದಂಡೆಯದು ಬಳ್ಳಾರಿಗೆ. ಎಡದಂಡೆ ಹುಟ್ಟಿದ್ದು ಬಲದಂಡೆಯಿಂದಲ್ಲ, ಹಾಗಾಗಿ ಎಡದಂಡೆ ಇದ್ದಮೇಲೆ ಬಲದಂಡೆ ಇನ್ನೂ ಯಾಕಿದೆ ಎಂದು ಯಾರೂ ಕೇಳುವುದಿಲ್ಲ. ನಾವು ಮತ್ತು ಚಿಂಪಾಂಜಿ ಒಂದೇ ಮೂಲದಿಂದ ಸುಮಾರು 60–70 ಲಕ್ಷ ವರ್ಷದ ಹಿಂದೆ ಕವಲೊಡೆದೆವು. ನಮ್ಮ ಊರಿನ ಮಂಗಗಳ ಕವಲು ಅದಕ್ಕಿಂತ ಬಹಳ ಹಿಂದಿನದು.

ಇನ್ನು ದಶಾವತಾರವೇ ವಿಕಾಸವಾದ ಎಂಬ ಮಾತು. ಮತ್ಸ್ಯ, ಕೂರ್ಮ, ವರಾಹ ಎಂಬ ಸಾಲು ಚೆಂದ ಹೊಂದುತ್ತದೆ, ಆದರೆ ಕೂರ್ಮ ಮತ್ಸ್ಯದ ಸಂತತಿ ಎಂದು ಪುರಾಣ ಹೇಳುವುದಿಲ್ಲ. ಅಲ್ಲಿ ಇಳಿದು ಬರುವವನು ಒಬ್ಬನೇ. ಎರಡನ್ನೂ ಬೆರೆಸಿದರೆ ಪುರಾಣಕ್ಕೂ ನ್ಯಾಯವಿಲ್ಲ, ಜೀವಶಾಸ್ತ್ರಕ್ಕೂ ಇಲ್ಲ.

ಘರ್ಷಣೆ ಎಲ್ಲಿಯೂ ಇಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಭೂಮಿ ಕೆಲವು ಸಾವಿರ ವರ್ಷದ್ದು, ಪ್ರತಿ ಜೀವಿಯೂ ಬೇರೆ ಬೇರೆಯಾಗಿ ಇದ್ದಂತೆಯೇ ಸೃಷ್ಟಿಯಾಯಿತು ಎಂದು ಅಕ್ಷರಶಃ ನಂಬುವವರಿಗೆ ಸಂಡೂರಿನ ಕಲ್ಲೇ ಎದುರು ನಿಲ್ಲುತ್ತದೆ. ಆ ಗುಡ್ಡಗಳ ಸೀಮೆಯಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟ್ ಶಿಲೆಗಳು ಸಿಕ್ಕಿವೆ, ವಯಸ್ಸು 250 ಕೋಟಿ ವರ್ಷಕ್ಕೂ ಮೇಲೆ.

ಮಗನೂ ಹಿರಿಯರೂ ಒಟ್ಟಿಗೆ ಕೂತು ಮಾಡಬಹುದಾದ ಒಂದು ಪ್ರಯೋಗವಿದೆ. ಒಂದೇ ಗಾತ್ರದ 50 ಬಿಳಿ, 50 ಕಡುಗೆಂಪು ಅಲಸಂದಿ ಕಾಳು ಎಣಿಸಿಕೊಳ್ಳಿ. ಅಗಲವಾದ ತಟ್ಟೆಯಲ್ಲಿ ಒಣಗಿಸಿ ಜರಡಿ ಹಿಡಿದ ಎರೆಮಣ್ಣನ್ನು ಅರ್ಧ ಸೆಂಟಿಮೀಟರ್ ಹರಡಿ ಕಾಳು ಚೆಲ್ಲಿ. ಒಬ್ಬರು ಹಕ್ಕಿಯಾಗಿ, ಕಣ್ಣಿಗೆ ಮೊದಲು ಬಿದ್ದ ಕಾಳನ್ನು ಎರಡು ಬೆರಳಿನಿಂದ ಬೇಗ ಬೇಗ ಹೆಕ್ಕಬೇಕು. 60 ಹೆಕ್ಕಿದ ಮೇಲೆ ನಿಲ್ಲಿಸಿ. ಉಳಿದ 40 ಕಾಳಿನ ಪ್ರತಿ ಬಣ್ಣವನ್ನೂ ಎರಡೂವರೆ ಪಟ್ಟು ಮಾಡಿ ಮತ್ತೆ 100ಕ್ಕೆ ತನ್ನಿ. 12 ಬಿಳಿ, 28 ಕೆಂಪು ಉಳಿದಿದ್ದರೆ ಮುಂದಿನ ಸುತ್ತು 30 ಬಿಳಿ, 70 ಕೆಂಪಿನಿಂದ ಶುರು. ನಾಲ್ಕೈದು ಸುತ್ತಿನಲ್ಲಿ ಬಿಳಿ ತೀರಾ ಕಡಿಮೆಯಾಗುತ್ತದೆ. ಒಂದು ಕಾಳೂ ಬಣ್ಣ ಬದಲಿಸಿರುವುದಿಲ್ಲ, ರೂಢಿ ಮಾಡಿಕೊಂಡಿರುವುದಿಲ್ಲ. ಕೆಡುವುದು ಮೂರು ಕಡೆ: ಕಾಳಿನ ಗಾತ್ರ ಬೇರೆಯಾದರೆ ಕೈ ದಪ್ಪ ಕಾಳನ್ನೇ ಹುಡುಕುತ್ತದೆ, ಮಣ್ಣು ಹಸಿಯಿದ್ದರೆ ಬಿಳಿ ಕಾಳಿಗೆ ಮೆತ್ತಿಕೊಂಡು ಅದೂ ಮರೆಯಾಗುತ್ತದೆ, ಹಕ್ಕಿಯಾದವರು ನೋಡಿ ನಿಧಾನ ಆರಿಸಿದರೆ ಎರಡೂ ಬಣ್ಣ ಸಮ ಸಮ ಉಳಿಯುತ್ತವೆ. ಆಮೇಲೆ ಎರೆಮಣ್ಣು ತೆಗೆದು ತಟ್ಟೆಗೆ ಬಿಳಿ ಮರಳು ಹಾಕಿ, ಮೊದಲಿನಂತೆ 50–50ರಿಂದ ಶುರು ಮಾಡಿ ಬಣ್ಣಗಳ ಲೆಕ್ಕ ಬರೆದಿಡಿ.